ಕೆಟ್ಟವಳ ಅಚ್ಚು

ಉಳಿಯಕ್ಕನಿಗೆ ಸಿಟ್ಟು ಮೂಗಿನ ತುದಿಯಲ್ಲೇ ಇದೆ ಎಂದು ಬೀದಿಯವರು ಹೇಳುತ್ತಿದ್ದರು. ಸುಳ್ಳು. ಮೂಗಿನ ತುದಿಯ ಸಿಟ್ಟು ಒಂದು ಸಲ ಸೀನಿದರೆ ಹೋಗುತ್ತದೆ. ಇವಳದು ಬಲಗೈಯ ಅಂಗೈಯಲ್ಲಿತ್ತು. ಉಳಿಯ ಹಿಡಿ ಒತ್ತಿ ಒತ್ತಿ ಅಲ್ಲಿ ಚರ್ಮ ಜಡ್ಡುಗಟ್ಟಿತ್ತು. ಯಾರ ಮೇಲಾದರೂ ಕೋಪ ಬಂದರೆ ಅವಳು ಬೈಯುತ್ತಿರಲಿಲ್ಲ, ಎಡಗೈ ಹೆಬ್ಬೆರಳಿನಿಂದ ಆ ಜಡ್ಡನ್ನು ಉಜ್ಜುತ್ತ ಕೂರುತ್ತಿದ್ದಳು. ಗೊತ್ತಿದ್ದವರು ಆಗ ಮೆಲ್ಲಗೆ ಎದ್ದು ಹೋಗುತ್ತಿದ್ದರು.

ಅವಳು ಹಾಡಿನ ಪುಸ್ತಕಗಳ ಮೇಲಿನ ಚಿತ್ರ ಕೆತ್ತುವವಳು. ಅಂಗೈಯಗಲದ, ನಾಲ್ಕಾರು ಹಾಳೆಯ ಪುಸ್ತಕಗಳು ಅವು. ಒಳಗೆ ಪದ್ಯದಲ್ಲಿ ಒಂದು ಕಥೆ, ಮೇಲೆ ಕಪ್ಪು ಬಿಳುಪಿನ ಒಂದು ಚಿತ್ರ. ಸಂತೆಯ ದಿನ ಎರಡು ಕಂಬಗಳ ನಡುವೆ ಹಗ್ಗ ಬಿಗಿದು, ಬಟ್ಟೆ ಒಣಹಾಕಿದ ಹಾಗೆ ಅವುಗಳನ್ನು ಸಾಲಾಗಿ ತೂಗುಹಾಕುತ್ತಾರೆ. ಚಿತ್ರ ಜನರ ಕಡೆಗೆ, ಬೆನ್ನು ಕವಿಯ ಕಡೆಗೆ. ಕವಿ ಹಗ್ಗದ ಹಿಂದೆ ನಿಂತು ಕಥೆಯನ್ನು ಹಾಡುತ್ತಾನೆ. ಕಥೆ ಕುದಿಗೆ ಬಂತು ಅನ್ನುವಾಗ ಗಕ್ಕನೆ ನಿಲ್ಲಿಸುತ್ತಾನೆ. ಇದಕ್ಕೆ ಗಂಟು ಹಾಕುವುದು ಎನ್ನುತ್ತಾರೆ. ಗಂಟು ಬಿಚ್ಚಿದ್ದು ನೋಡಬೇಕಾದರೆ ಪುಸ್ತಕ ಕೊಳ್ಳಬೇಕು.

ಹಗ್ಗ ಕಟ್ಟುವುದು ಕೆತ್ತುವವರ ಕೆಲಸ, ಹಾಡುವವನು ಹಗ್ಗದ ಮುಂದಕ್ಕೆ ಬರಬಾರದು ಎಂಬುದು ಈ ಕಸುಬಿನ ಕಟ್ಟುಪಾಡು. ಬಂದರೆ ಗಂಟಲು ಕಟ್ಟುತ್ತದಂತೆ. ಯಾವ ಪುಣ್ಯಾತ್ಮ ಕಂಡುಹಿಡಿದನೋ ಏನೋ, ಹಾಡುವವರೆಲ್ಲ ಇದನ್ನು ಭಕ್ತಿಯಿಂದ ನಂಬಿದ್ದರು. ಕೆತ್ತುವವರು ಬೆಳಗ್ಗೆಯೇ ಹೋಗಿ ಕಂಬ ನೆಟ್ಟು, ಹಗ್ಗ ಬಿಗಿದು, ಪುಸ್ತಕ ತೂಗುಹಾಕಿ ಬೆನ್ನು ನೇರ ಮಾಡಿಕೊಳ್ಳುವಾಗ ಇವರು ಗಂಟಲು ಸರಿಮಾಡಿಕೊಳ್ಳುತ್ತ ಬರುತ್ತಿದ್ದರು.

ಉಳಿಯಕ್ಕನ ಪಾಲಿಗೆ ಹಾಡುವವನು ಸ್ವಂತ ಅಣ್ಣನೇ. ಜನ ಅವನನ್ನು ಮೊದಲು ತಮಾಷೆಗೆ ಕವಿರಾಯ ಎಂದು ಕರೆದರು. ಅವನು ಅದನ್ನು ನಿಜವೆಂದುಕೊಂಡು ಹೆಗಲ ಮೇಲೆ ಒಂದು ಶಾಲು ಹಾಕಿಕೊಂಡ. ಗಂಟಲು ಚೆನ್ನಾಗಿತ್ತು, ಇಲ್ಲವೆನ್ನಬಾರದು. ಗಂಟಲಿನ ಮೇಲಿದ್ದ ತಲೆಯ ವಿಚಾರ ಬೇರೆ.

ಪ್ರತಿ ಕಥೆಗೂ ಹೊಸ ಚಿತ್ರ ಕೆತ್ತುತ್ತಿದ್ದರು ಎಂದುಕೊಳ್ಳಬೇಡಿ. ಗಟ್ಟಿ ಮರದ ಹಲಗೆಯಲ್ಲಿ ಒಂದು ಅಚ್ಚು ಕೆತ್ತಿದರೆ ಅದು ಒಂದು ತಲೆಮಾರು ದುಡಿಯಬೇಕು. ಮನೆಯ ಹಿಂದಿನ ಕೋಣೆಯ ಕಪಾಟಿನಲ್ಲಿ ಅಚ್ಚುಗಳು ಒಂದರ ಪಕ್ಕ ಒಂದು ನಿಂತಿದ್ದವು. ಒಂದು ರಾಜನ ಅಚ್ಚು. ಅದು ರಾಜರ ಕಥೆಗಷ್ಟೇ ಅಲ್ಲ, ಮೀಸೆ ಇದ್ದ ಯಾರ ಕಥೆಗಾದರೂ ನಡೆಯುತ್ತಿತ್ತು. ಒಂದು ಹಡಗಿನ ಅಚ್ಚು. ಅದು ನೆರೆ ಬಂದಾಗಲೂ ಆಯಿತು, ಕಾಲರಾ ಬಂದಾಗಲೂ ಆಯಿತು. ಇನ್ನೊಂದು, ಎಲ್ಲಕ್ಕಿಂತ ಹೆಚ್ಚು ದುಡಿದದ್ದು, ಕೆಟ್ಟವಳ ಅಚ್ಚು.

ಆ ಅಚ್ಚಿನಲ್ಲಿ ಒಂದು ಬಾಗಿಲು. ಬಾಗಿಲ ಒಳಗೆಲ್ಲ ಕಪ್ಪು. ಹೊಸಿಲು ದಾಟಿದ ಹೆಂಗಸೊಬ್ಬಳು ಕೂದಲು ಬಿಚ್ಚಿಕೊಂಡು ಹಿಂದಕ್ಕೆ ತಿರುಗಿ ನೋಡುತ್ತಿದ್ದಾಳೆ. ಗಂಡನಿಗೆ ವಿಷ ಹಾಕಿದವಳು, ಮಗು ಬಿಟ್ಟು ಓಡಿದವಳು, ಅತ್ತೆಯ ಒಡವೆ ಕದ್ದವಳು, ಎಲ್ಲರೂ ಅವಳೇ. ಊರಿನಲ್ಲಿ ಯಾವ ಹೆಂಗಸಿನ ಬಗ್ಗೆ ಗುಸುಗುಸು ಎದ್ದರೂ ಮುಂದಿನ ಸಂತೆಗೆ ಆ ಮುಖ ಹಗ್ಗದ ಮೇಲೆ ತೂಗುತ್ತಿತ್ತು.

ಆ ಅಚ್ಚನ್ನು ಉಳಿಯಕ್ಕ ಕೆತ್ತಿದ್ದು ಇಪ್ಪತ್ತರ ವಯಸ್ಸಿನಲ್ಲಿ, ಅಪ್ಪ ಹೇಳಿದ ಮೇಲೆ. ಅಪ್ಪನೂ ಕೆತ್ತುವವನೇ. ಕಣ್ಣು ಮಂಜಾದಾಗ ಕೆಲಸವನ್ನು ಮಗಳ ಕೈಗೆ ದಾಟಿಸಿದ. ಕೆತ್ತುವ ಕೈ ಮನೆಯಲ್ಲಿ ಬೇಕಾಗಿತ್ತು, ಅಳಿಯ ಬೇಕಾಗಿರಲಿಲ್ಲ. ಹಾಗಾಗಿ ಬಂದ ಗಂಡುಗಳಿಗೆಲ್ಲ ಏನೋ ಒಂದು ಊನ ಹುಡುಕಿ ಕಳಿಸಿದ. ಮಗನಿಗೆ ಮಾತ್ರ ಉಳಿ ಕೊಡಲಿಲ್ಲ, ಕೈಗೆ ಗಾಯವಾದೀತೆಂದು. ಇದನ್ನು ನೆನೆದಾಗೆಲ್ಲ ಉಳಿಯಕ್ಕ ಅಂಗೈ ಉಜ್ಜುತ್ತಿದ್ದಳು.

ಅಚ್ಚಿಗೆ ಎದುರಿಗೆ ನಿಲ್ಲಲು ಒಬ್ಬರು ಬೇಕಿತ್ತು. ಮನೆಯಲ್ಲಿದ್ದದ್ದು ತಂಗಿ, ಹನ್ನೆರಡರ ಹುಡುಗಿ. ಅಮ್ಮ ಸತ್ತು ಇನ್ನೂ ವರ್ಷ ತುಂಬಿರಲಿಲ್ಲ. ಉಳಿಯಕ್ಕ ಅವಳ ಜಡೆ ಬಿಚ್ಚಿ ಬಾಗಿಲಲ್ಲಿ ನಿಲ್ಲಿಸಿದಳು. ಹುಡುಗಿ ನೆಟ್ಟಗೆ ನಿಲ್ಲಲೊಲ್ಲಳು, ಕಿಸಕ್ಕನೆ ನಗುತ್ತಾಳೆ.

“ಒಳಗಿಂದ ಅಮ್ಮ ಕರೆದಳು ಅಂದ್ಕೊಂಡು ತಿರುಗಿ ನೋಡೇ,” ಎಂದಳು ಉಳಿಯಕ್ಕ.

ಹುಡುಗಿಯ ನಗು ನಿಂತಿತು. ತಿರುಗಿ ನೋಡಿದಳು. ಆ ನೋಟವನ್ನೇ ಉಳಿಯಕ್ಕ ಮರಕ್ಕೆ ಇಳಿಸಿ, ವಯಸ್ಸನ್ನು ಮಾತ್ರ ಹದಿನೈದು ವರ್ಷ ಹೆಚ್ಚಿಸಿದಳು. ಚಿತ್ರ ಬಹಳ ಚೆನ್ನಾಗಿ ಬಂತು. ಅಪ್ಪ ಹಲಗೆಯನ್ನು ಕಣ್ಣಿನ ಹತ್ತಿರ ಹಿಡಿದು, “ಪಾಪ ಮಾಡಿದವಳ ಮುಖ ಅಂದ್ರೆ ಇದು,” ಎಂದ. ಅಮ್ಮನನ್ನು ಹುಡುಕುತ್ತಿದ್ದ ಮಗುವಿನ ಮುಖ ಅದು. ಸಂತೆಗೆ ಅದು ಕೆಟ್ಟವಳ ಮುಖವಾಯಿತು.

ಆಗ ಯಾರಿಗೂ ಗುರುತು ಸಿಗಲಿಲ್ಲ. ಆದರೆ ಹುಡುಗಿ ಬೆಳೆಯುತ್ತ ಹೋದಳು, ಬೆಳೆಯುತ್ತ ಬೆಳೆಯುತ್ತ ಸೀದಾ ಆ ಚಿತ್ರದೊಳಕ್ಕೆ ಹೋದಳು. ಅದೇ ಕೆನ್ನೆ, ಅದೇ ಕತ್ತು. ಇಪ್ಪತ್ತೈದು ದಾಟುವ ಹೊತ್ತಿಗೆ ಅಂಗಡಿಯವರು ಅವಳನ್ನು ನೋಡಿ, “ಎಲ್ಲೋ ನೋಡಿದೀನಲ್ಲ,” ಎನ್ನತೊಡಗಿದರು. ಎಲ್ಲಿ ನೋಡಿದ್ದೆಂದು ನೆನಪಾದವರು ಬಾಯಿ ಮುಚ್ಚಿಕೊಂಡು ನಕ್ಕರು.

ಅವಳನ್ನು ಗಡಿಯಾರ ರಿಪೇರಿಯವನಿಗೆ ಕೊಟ್ಟರು. ಸಂತೆ ಬೀದಿಯಲ್ಲೇ ಅವನ ಅಂಗಡಿ. ಕಣ್ಣಿಗೆ ಸಿಕ್ಕಿಸಿಕೊಳ್ಳುವ ಭೂತಗನ್ನಡಿಯನ್ನು ಹಣೆಗೆ ಏರಿಸಿಕೊಂಡೇ ಊರೆಲ್ಲ ಓಡಾಡುತ್ತಿದ್ದ, ಅದಿಲ್ಲದೆ ಅವನನ್ನು ಯಾರೂ ಕಂಡವರಿಲ್ಲ. ಮಾತು ಬೆಣ್ಣೆಯಿಂದ ಕೂದಲು ತೆಗೆದ ಹಾಗೆ. ಊರವರ ಗಡಿಯಾರಗಳ ಎಳೆಯಷ್ಟು ಸಣ್ಣ ಸ್ಪ್ರಿಂಗುಗಳು ಆ ಕೈಯಲ್ಲಿ ಒಂದೂ ಮುರಿಯಲಿಲ್ಲ. ಮನೆಗೆ ಬಂದರೆ ಅದೇ ಕೈ ಸೊಂಟದ ಬೆಲ್ಟು ಬಿಚ್ಚುತ್ತಿತ್ತು.

ತಂಗಿ ವರ್ಷಗಟ್ಟಲೆ, ಅಪ್ಪ ತೀರಿಕೊಂಡ ಮೇಲೂ, ಬಾಯಿ ಬಿಡಲಿಲ್ಲ. ಒಂದು ಸಂಜೆ ಹೊಸಿಲು ದಾಟಿ, ಚಪ್ಪಲಿಯೂ ಇಲ್ಲದೆ ಸಂತೆ ಬೀದಿಯ ಉದ್ದಕ್ಕೂ ನಡೆದು ಅಕ್ಕನ ಹಿಂದಿನ ಕೋಣೆಗೆ ಬಂದು ಕೂತಳು. ಉಳಿಯಕ್ಕ ಅವಳ ರವಿಕೆಯ ತೋಳು ಸರಿಸಿ ನೋಡಿದಳು. ಹೋಗಿ ಬೀದಿ ಬಾಗಿಲಿನ ಅಗುಳಿ ಹಾಕಿ ಬಂದಳು.

ಬೀದಿಯಲ್ಲಿ ಮಾತು ಹೊತ್ತಿಕೊಂಡಿತು. ಬಾಗಿಲು ದಾಟಿ ಬಂದವಳು, ಅದೂ ಆ ಮುಖದವಳು. “ಚಿತ್ರದಲ್ಲೇ ಬರೆದಿತ್ತಲ್ಲ,” ಎಂದರು ಜನ. ಯಾರ ಜೊತೆ ಹೋಗಲು ಹೊರಟಿದ್ದಳು, ಅವನು ಯಾಕೆ ಬರಲಿಲ್ಲ ಎಂದು ತಾವೇ ಕಥೆ ಕಟ್ಟಿದರು. ಎಲುಬಿಲ್ಲದ ನಾಲಿಗೆ, ಹೇಗೆ ಬೇಕಾದರೂ ಹೊರಳುತ್ತದೆ.

ಮೂರನೆಯ ದಿನ ಕವಿರಾಯ ಬಂದ. ತಂಗಿಯನ್ನು ಮಾತಾಡಿಸುವುದಕ್ಕಲ್ಲ. ಶಾಲಿನೊಳಗಿಂದ ಹಾಳೆಗಳ ಸುರುಳಿ ತೆಗೆದು ಉಳಿಯಕ್ಕನ ಕೆಲಸದ ಮಣೆಯ ಮೇಲಿಟ್ಟ.

“ಏನಿದು?”

“ಹೊಸ ಹಾಡು. ನೋಡೇ, ಕೋಪ ಮಾಡ್ಕೋಬೇಡ. ಊರೆಲ್ಲ ಇದೇ ಮಾತಾಡ್ತಿದೆ. ನಾನು ಬರೀದಿದ್ರೆ ಇನ್ನೊಬ್ಬ ಬರೀತಾನೆ. ನಾನಾದ್ರೆ ಮರ್ಯಾದೆಯಿಂದ ಬರೀತೀನಿ.”

“ಮರ್ಯಾದೆಯಿಂದ ಅಂದ್ರೆ?”

“ಕೊನೇಲಿ ಅವಳಿಗೆ ಪಶ್ಚಾತ್ತಾಪ ಆಗುತ್ತೆ.”

ಉಳಿಯಕ್ಕನ ಹೆಬ್ಬೆರಳು ಅಂಗೈಗೆ ಹೋಯಿತು. “ಅವನು ಬೆಲ್ಟಲ್ಲಿ ಹೊಡೆದಿದ್ದು ಯಾವ ಪದ್ಯದಲ್ಲಿ ಬರುತ್ತೆ ಅಣ್ಣ?”

“ಅದು ಮನೆಯೊಳಗಿನ ವಿಷಯ.”

“ಇವಳು ಹೊಸಿಲು ದಾಟಿದ್ದು?”

“ಅದು ಬೀದಿ ವಿಷಯ. ಬೀದಿ ವಿಷಯ ಹಾಡೋದು ನನ್ನ ಕಸುಬು.” ದನಿ ಇಳಿಸಿ ಅಂದ: “ನಾನೇನು ಹಾಡಲೇಬೇಕು ಅಂತಿಲ್ಲ. ಸಂತೆ ದಿನದೊಳಗೆ ಅವಳು ಗಂಡನ ಮನೆಗೆ ವಾಪಸ್ ಹೋದ್ರೆ ಇದನ್ನ ಹರಿದು ಹಾಕ್ತೀನಿ. ಅವನ ಹತ್ರಾನೂ ಮಾತಾಡಿದೀನಿ. ಒಪ್ಪಿದಾನೆ, ಪಾಪ.”

ಪಾಪ ಎಂಬ ಮಾತು ಎಂಥೆಂಥವರ ಪಾಲಿಗೆಲ್ಲ ಹೋಗಿ ಬೀಳುತ್ತದೆ ನೋಡಿ.

“ನಾನು ಕೆತ್ತಲ್ಲ,” ಎಂದಳು ಉಳಿಯಕ್ಕ.

“ನಿನ್ನನ್ನ ಕೆತ್ತು ಅಂದೋರು ಯಾರು?” ಕವಿರಾಯ ಕಪಾಟಿನ ಕಡೆ ಗದ್ದ ಎತ್ತಿ ತೋರಿಸಿದ. “ಹಳೇ ಅಚ್ಚು ಇದೆಯಲ್ಲ. ಯಾವಾಗ್ಲೂ ಅದೇ ತಾನೆ. ನೀನು ಒತ್ತಿಕೊಡದಿದ್ರೆ ಪ್ರೆಸ್ಸಿನವನು ಒತ್ತಿಕೊಡ್ತಾನೆ.”

ಒಳಬಾಗಿಲ ಹಿಂದೆ ತಂಗಿ ನಿಂತಿದ್ದಳು. ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ಒಳಗೆ ಹೋಗಿ, ಒಣಗಿದ ಸೀರೆಯನ್ನು ಮಡಿಸತೊಡಗಿದಳು. ಆ ಮಡಿಕೆಗಳನ್ನು ನೋಡಿದಾಗ ಉಳಿಯಕ್ಕನಿಗೆ ಎಲ್ಲ ತಿಳಿಯಿತು. ಹುಡುಗಿ ಹೋಗುತ್ತಾಳೆ. ಹಗ್ಗದ ಮೇಲೆ ತೂಗುವುದಕ್ಕಿಂತ ಬೆಲ್ಟೇ ವಾಸಿ ಎಂದು ಹೋಗೇ ಹೋಗುತ್ತಾಳೆ. ಅವನ ಕೈಯಲ್ಲಿ ಒಂದು ದಿನ ಸತ್ತರೆ ಅಣ್ಣ ಅದಕ್ಕೂ ಒಂದು ಹಾಡು ಕಟ್ಟಿ, ಇದೇ ಅಚ್ಚು ಒತ್ತುತ್ತಾನೆ.

ಕಪಾಟಿನಿಂದ ಅಚ್ಚನ್ನು ತೆಗೆದು ಮಡಿಲಲ್ಲಿಟ್ಟುಕೊಂಡಳು. ಮಸಿ ಕುಡಿದು ಕುಡಿದು ಮರ ಕಬ್ಬಿಣದಂತಾಗಿತ್ತು. ತನ್ನದೇ ಕೈಕೆಲಸ. ಒಡೆದು ಹಾಕಬೇಕೆನ್ನಿಸಿತು. ಒಡೆದರೆ ಅಣ್ಣ ಬೇರೆ ಏನನ್ನೋ ಒತ್ತುತ್ತಾನೆ, ಹಾಡು ನಿಲ್ಲುವುದಿಲ್ಲ. ಅವಳು ಅಚ್ಚನ್ನು ನೋಡುತ್ತ ಕೂತಳು. ಆ ಹೆಂಗಸಿನ ಹಿಂದಿನ ಬಾಗಿಲು, ಬಾಗಿಲೊಳಗಿನ ಕಪ್ಪು. ಅಚ್ಚಿನಲ್ಲಿ ಕೆತ್ತಿದ ಕಡೆ ಬಿಳಿ ಬೀಳುತ್ತದೆ, ಕೆತ್ತದೆ ಬಿಟ್ಟ ಕಡೆ ಕಪ್ಪು. ಅಂದರೆ ಆ ಕಪ್ಪೆಲ್ಲ ಇಪ್ಪತ್ತು ವರ್ಷಗಳಿಂದ ಉಳಿ ಮುಟ್ಟದೆ ಹಾಗೇ ಉಳಿದ ಮರ. ಅಷ್ಟು ಜಾಗ ಖಾಲಿ ಇತ್ತು.

“ಪ್ರೆಸ್ಸಿನವನು ಬೇಡ,” ಎಂದಳು, ಇನ್ನೂ ಕಾಯುತ್ತ ನಿಂತಿದ್ದ ಅಣ್ಣನಿಗೆ. “ಮೇಲಿನ ಹಾಳೆ ನಾನೇ ಒತ್ತುತ್ತೀನಿ.”

ಕವಿರಾಯನಿಗೆ ಸಂತೋಷವಾಯಿತು. “ನೋಡಿದ್ಯಾ, ನಿನಗೂ ಅರ್ಥ ಆಗುತ್ತೆ,” ಎಂದು ಹೇಳಿ, ಶಾಲು ಕೊಡವಿಕೊಂಡು ಹೋದ.

ತಂಗಿ ಮಡಿಸಿದ ಸೀರೆ ಎದೆಗವಚಿಕೊಂಡು ಬಂದಳು. “ನೀನೂ ಅವರ ಜೊತೆ ಸೇರ್ಕೊಂಡ್ಯಾ ಅಕ್ಕ?”

“ಆ ಸೀರೆ ಕೆಳಗಿಡು. ಸಂತೆ ಮುಗಿಯೋ ತನಕ ಇರು, ಆಮೇಲೆ ನಿನ್ನಿಷ್ಟ. ಈಗ ನನಗೊಂದು ಹೇಳು. ಹೊಡೆಯುವಾಗ ಅವನ ಕೈ ಎಲ್ಲಿರುತ್ತೆ?”

ತಂಗಿಗೆ ಮೊದಲು ತಿಳಿಯಲಿಲ್ಲ. ತಿಳಿದಾಗ ಸೀರೆಯನ್ನು ಕೆಳಗಿಟ್ಟಳು. ಬಲಗೈ ಎತ್ತಿದಳು. ಮೊಣಕೈ ಕಿವಿಯ ಹತ್ತಿರಕ್ಕೆ ಬಂತು, ಮುಷ್ಟಿ ತಲೆಯ ಹಿಂದಕ್ಕೆ ಹೋಯಿತು.

“ಬೆಲ್ಟಿನ ಬಕಲ್ಲು?”

“ಕೈಯಲ್ಲಿ ಹಿಡ್ಕೊಳ್ಳಲ್ಲ. ಅದೇ ಹೊರಗೆ ಇರುತ್ತೆ.”

ಉಳಿಯಕ್ಕನ ಕೈಯಲ್ಲಿದ್ದ ಸೀಸದ ಕಡ್ಡಿ ಮುರಿಯಿತು. ಇನ್ನೊಂದನ್ನು ತೆಗೆದುಕೊಂಡಳು. “ಹಾಗೇ ನಿಂತಿರು. ಕೈ ನೋಯುತ್ತಾ?”

“ನೋಯಲಿ ಬಿಡು, ಬರಿ,” ಎಂದಳು ತಂಗಿ.

ಆ ಮಧ್ಯಾಹ್ನ ಉಳಿಯಕ್ಕ ಕೆತ್ತಿದ ಹಾಗೆ ಜನ್ಮದಲ್ಲಿ ಕೆತ್ತಿರಲಿಲ್ಲ. ಕಪ್ಪಿನೊಳಗಿಂದ ಒಂದು ಎತ್ತಿದ ತೋಳು ಬಂತು, ತೋಳಿನ ತುದಿಗೆ ಬೆಲ್ಟು, ಬೆಲ್ಟಿನ ತುದಿಗೆ ಬಕಲ್ಲು. ತೋಳಿನ ಪಕ್ಕ ಒಂದು ಮುಖ. ಆ ಮುಖಕ್ಕೆ ಕಣ್ಣು ಮೂಗು ಬಿಡಿಸುವ ಗೋಜಿಗೆ ಹೋಗಲಿಲ್ಲ. ಹಣೆಯ ಮೇಲೆ ಒಂದು ಭೂತಗನ್ನಡಿ ಕೂರಿಸಿದಳು, ಸಾಕಾಯಿತು. ಹೆಂಗಸಿನ ಮುಖದ ಒಂದು ಗೆರೆಯನ್ನೂ ಮುಟ್ಟಲಿಲ್ಲ. ಅವಳು ಈಗಲೂ ತಿರುಗಿ ನೋಡುತ್ತಿದ್ದಳು. ಯಾಕೆ ನೋಡುತ್ತಿದ್ದಾಳೆ ಎಂದು ಈಗ ಯಾರೂ ಕೇಳಬೇಕಾಗಿರಲಿಲ್ಲ.

ಪ್ರೆಸ್ಸಿನಿಂದ ಒಳಗಿನ ಪುಟಗಳು ಬಂದವು. ಅಕ್ಕ ತಂಗಿ ಇಬ್ಬರೂ ಕೂತು ಮೇಲಿನ ಹಾಳೆ ಒತ್ತಿ, ಒಣಗಿಸಿ, ಹೊಲಿದು, ಬಟ್ಟೆಯಲ್ಲಿ ಗಂಟು ಕಟ್ಟಿದರು. ಕವಿರಾಯ ಒಮ್ಮೆ ಬಂದು ಗಂಟನ್ನು ತಟ್ಟಿ ನೋಡಿ ಹೋದ. ಬಿಚ್ಚಿ ನೋಡಬೇಕೆಂದಿದ್ದರೆ ನೋಡಬಹುದಿತ್ತು. ಹುಟ್ಟಿದ ಮನೆಯ ಗೋಡೆಯನ್ನು ಯಾರು ತಿರುಗಿ ನೋಡುತ್ತಾರೆ? ಆ ಅಚ್ಚು ಅವನಿಗೆ ಕಣ್ಣು ಮುಚ್ಚಿದರೂ ಗೊತ್ತು.

ಸಂತೆಯ ದಿನ ಉಳಿಯಕ್ಕ ಕಂಬ ನೆಟ್ಟು ಹಗ್ಗ ಬಿಗಿದಳು. ಎಲ್ಲ ಪುಸ್ತಕಗಳನ್ನೂ ಒಂದೇ ಸಾಲಿನಲ್ಲಿ, ಚಿತ್ರ ಬೀದಿಯ ಕಡೆಗೆ ಮಾಡಿ ಹಾಕಿದಳು. ಎದುರಿಗೇ ಗಡಿಯಾರದ ಅಂಗಡಿ. ಅವನು ಕಣ್ಣಿಗೆ ಗಾಜು ಸಿಕ್ಕಿಸಿಕೊಂಡು ಯಾವುದೋ ಗಡಿಯಾರದ ಹೊಟ್ಟೆಯೊಳಗೆ ತಲೆ ಹಾಕಿದ್ದ. ಉಳಿಯಕ್ಕ ಪಕ್ಕದ ತರಕಾರಿಯವಳ ಗೋಣಿಯ ಮೇಲೆ ಹೋಗಿ ಕೂತಳು.

ಕವಿರಾಯ ಬಿಸಿಲೇರಿದ ಮೇಲೆ ಬಂದ. ಹಗ್ಗದ ಹಿಂದೆ ನಿಂತು, ಶಾಲು ಸರಿಮಾಡಿಕೊಂಡು, ದನಿ ಎತ್ತಿದ. ಜನ ಸೇರಿದರು. ಮದುವೆ, ಮನೆ, ಗಂಡನ ಒಳ್ಳೆಯತನ ಎಲ್ಲವೂ ಸಾಂಗವಾಗಿ ಬಂದವು. ಜನ ಮಾತ್ರ ಅವನ ಮುಖವನ್ನು ನೋಡುತ್ತಿರಲಿಲ್ಲ, ಹಗ್ಗವನ್ನು ನೋಡುತ್ತಿದ್ದರು. ತನ್ನ ಹಾಡಿಗೆ ಮೈಮರೆತಿದ್ದಾರೆಂದು ಅವನು ಇನ್ನಷ್ಟು ಏರಿಸಿದ.

ಹೊತ್ತು ಮುಳುಗುವ ಮುನ್ನ ಹೊಸಿಲ ದಾಟಿದಳಣ್ಣ
ಹಿಂದಕ್ಕೆ ತಿರುಗಿ ನೋಡಿದಳು, ಅಯ್ಯಯ್ಯೋ
ಯಾರ ನೆನೆದವಳು ನೋಡಿದಳು?

ಇಲ್ಲಿ ಗಂಟು. ಕವಿರಾಯ ನಿಲ್ಲಿಸಿ, ಕೈಯೊಡ್ಡಿ, ಜನರನ್ನು ನೋಡಿ ನಕ್ಕ. ಯಾರೂ ಪುಸ್ತಕಕ್ಕೆ ಕೈ ಚಾಚಲಿಲ್ಲ.

ತರಕಾರಿಯವಳು ಸೊಪ್ಪಿನ ನೀರು ಕೊಡವುತ್ತ ಕೂತಲ್ಲಿಂದಲೇ ಹೇಳಿದಳು: “ಯಾರನ್ನ ಅಂತ ನಮ್ಮನ್ನ ಕೇಳ್ತೀಯಲ್ಲೋ ಕವಿರಾಯ. ನಿನ್ನ ಪುಸ್ತಕದ ಮೇಲೇ ನಿಂತಿದಾನಲ್ಲ, ಬೆಲ್ಟು ಹಿಡ್ಕೊಂಡು.”

ಜನ ಘೊಳ್ಳೆಂದರು. ಹಿಂದಿನಿಂದ ಯಾರೋ, “ಹಣೆ ಮೇಲೆ ಗಾಜಿದೆ ಕಣ್ರೋ,” ಎಂದರು. ಅಷ್ಟೂ ತಲೆಗಳು ಒಮ್ಮೆಗೇ ಎದುರಿನ ಅಂಗಡಿಯತ್ತ ತಿರುಗಿದವು. ಗಡಿಯಾರದವನು ಗದ್ದಲ ಕೇಳಿ ಅದೇ ತಾನೆ ತಲೆಯೆತ್ತಿ, ಗಾಜನ್ನು ಹಣೆಗೆ ಏರಿಸಿಕೊಂಡಿದ್ದ. ಈಗ ನಗು ನಿಂತಿತು. ನಕ್ಕಿದ್ದಕ್ಕಿಂತ ಆ ನಿಂತದ್ದೇ ಕೆಟ್ಟದಾಗಿತ್ತು. ಕಟ್ಟಿಗೆ ಮಾರುವ ಮುದುಕಿಯೊಬ್ಬಳು ಅವನ ಅಂಗಡಿಯ ಮುಂದೆ ಹೋಗಿ, ರಿಪೇರಿಗೆ ಕೊಟ್ಟಿದ್ದ ಗಡಿಯಾರವನ್ನು ವಾಪಸು ಕೇಳಿದಳು. ಅವಳ ಹಿಂದೆ ಇನ್ನೊಬ್ಬಳು ಹೋದಳು. ಊಟದ ಹೊತ್ತಾಗುವ ಮೊದಲೇ ಅವನು ಬಾಗಿಲು ಎಳೆದುಕೊಂಡ.

ಕವಿರಾಯ ಜೀವಮಾನದಲ್ಲಿ ಮೊದಲ ಸಲ ಬಗ್ಗಿ ಹಗ್ಗದ ಕೆಳಗೆ ನುಸುಳಿ ಮುಂದಕ್ಕೆ ಬಂದ. ನೋಡಿದ. ಅವನ ಗಂಟಲು ನಿಜವಾಗಿಯೂ ಕಟ್ಟಿತು.

ಸಂಜೆ ಅವನು ಮನೆಗೆ ನುಗ್ಗಿ ಬಂದಾಗ ತಂಗಿ ನೀರು ಕಾಯಿಸುವ ಒಲೆಯ ಮುಂದೆ ಕೂತಿದ್ದಳು. ಉಳಿಯಕ್ಕ ಉಳಿ ಮಸೆಯುತ್ತಿದ್ದಳು. ಕವಿರಾಯ ಮನೆತನದ ಮಾನ ಹೋಯಿತೆಂದ, ಅಪ್ಪನ ಹೆಸರಿಗೆ ಮಸಿ ಬಳಿದೆ ಎಂದ, ಒಡಹುಟ್ಟಿದವನ ಬೆನ್ನಿಗೆ ಚೂರಿ ಹಾಕಿದೆ ಎಂದ. ಉಳಿಯಕ್ಕ ಕಲ್ಲಿಗೆ ನೀರು ಹನಿಸುತ್ತ ಕೇಳಿಸಿಕೊಂಡಳು. ಬೈದು ಬೈದು ದಣಿದು ಅವನು ಮಣೆ ಎಳೆದು ಕೂತ. ನೀರು ಕುಡಿದ. ಆಮೇಲೆ ಮುಖ ಒರೆಸಿಕೊಂಡು, ಬೇರೆಯದೇ ದನಿಯಲ್ಲಿ ಅಂದ:

“ಒಂದೂ ಉಳೀಲಿಲ್ಲ.”

“ಏನು?”

“ಪುಸ್ತಕ. ಎಲ್ಲ ಹೋಯ್ತು. ಆಮೇಲೆ ಕಿತ್ತಾಡ್ಕೊಂಡು ತಗೊಂಡ್ರು. ಇನ್ನೂ ಬೇಕು ಅಂತಾರೆ. ಪಕ್ಕದ ಸಂತೆಯವರೂ ಕೇಳ್ತಿದಾರೆ.” ಕೆಮ್ಮಿದ. “ಹಾಡನ್ನ ಸ್ವಲ್ಪ ತಿದ್ದಿದ್ರೆ ಆಯ್ತು. ಅವನನ್ನೇ ಕೆಟ್ಟವನು ಮಾಡೋಣ. ಆ ಅಚ್ಚು ಕೊಡು, ನಾಳೆನೇ ಒತ್ತಿಸ್ತೀನಿ.”

ಉಳಿಯಕ್ಕ ಅದುವರೆಗೆ ತನಗೆ ಬಂದ ಸಿಟ್ಟೆಲ್ಲ ಸಿಟ್ಟೇ ಅಲ್ಲವೆಂದು ಆಗ ತಿಳಿದುಕೊಂಡಳು. ಬೈದಾಗ ಕನಿಷ್ಠ ಅಣ್ಣನಾಗಿದ್ದ. ಈಗ ತಂಗಿಯ ಬೆನ್ನ ಮೇಲಿನ ಬಾಸುಂಡೆಯನ್ನೂ ಹಗ್ಗಕ್ಕೆ ಹಾಕಲು ಕೂತಿದ್ದಾನೆ. ಕೈಯಲ್ಲಿದ್ದ ಉಳಿಯನ್ನು ಬಹಳ ನಿಧಾನವಾಗಿ ಕೆಳಗಿಟ್ಟಳು, ಅದು ಕೈಯಲ್ಲಿರುವುದು ಒಳ್ಳೆಯದಲ್ಲವೆಂದು.

“ಅಚ್ಚಿನಲ್ಲಿರೋದು ಅವಳ ಮುಖ,” ಎಂದಳು. “ಇಪ್ಪತ್ತು ವರ್ಷದಿಂದ ಅವಳನ್ನ ಒಂದು ಮಾತು ಕೇಳಿದ್ದೀವಾ, ನೀನಾಗಲಿ, ಅಪ್ಪನಾಗಲಿ, ನಾನಾಗಲಿ? ಈಗ ಕೇಳು. ಅವಳು ಕೊಟ್ರೆ ತಗೊಂಡು ಹೋಗು.”

ಕವಿರಾಯ ತಂಗಿಯ ಕಡೆ ತಿರುಗಿದ. ಅವಳು ಮನೆಗೆ ಬಂದ ಮೇಲೆ ಅವನು ಅವಳ ಮುಖ ನೋಡಿದ್ದು ಅದೇ ಮೊದಲು. “ನಿನಗೇ ಒಳ್ಳೇದು ಕಣಮ್ಮ,” ಎಂದ.

ತಂಗಿ ಎದ್ದು ಹೋಗಿ ಕಪಾಟಿನಿಂದ ಅಚ್ಚು ತಂದಳು. ಎರಡೂ ಕೈಯಲ್ಲಿ ಹಿಡಿದು ನೋಡಿದಳು. ಬಾಗಿಲು, ತೋಳು, ಬೆಲ್ಟು, ತಾನು.

“ಅಮ್ಮ ಕರೆದಳು ಅಂದ್ಕೊಂಡು ನೋಡು ಅಂದಿದ್ದೆ ಅಲ್ವಾ ಅಕ್ಕ,” ಎಂದಳು. “ನನಗೆ ನಿಜವಾಗ್ಲೂ ಕೇಳಿಸಿತ್ತು.”

ಬಗ್ಗಿ, ಅಚ್ಚನ್ನು ಒಲೆಯೊಳಕ್ಕೆ ತಳ್ಳಿದಳು.

ಕವಿರಾಯ ಕಿರುಚಿಕೊಂಡು ಒಲೆಗೆ ಕೈ ಹಾಕಲು ಬಂದ. ಉಳಿಯಕ್ಕನ ಕೈಯೂ ತಾನಾಗಿ ಮುಂದಕ್ಕೆ ಹೋಗಿತ್ತು. ಅವಳು ಕೆತ್ತಿದ್ದರಲ್ಲೆಲ್ಲ ಅಷ್ಟು ಒಳ್ಳೆಯದು ಇನ್ನೊಂದಿರಲಿಲ್ಲ. ಆ ಕೈಯಿಂದ ಅಣ್ಣನ ಶಾಲು ಹಿಡಿದು ಹಿಂದಕ್ಕೆಳೆದಳು. ಇಪ್ಪತ್ತು ವರ್ಷದ ಮಸಿ ಕುಡಿದ ಮರ, ಚಟಪಟ ಸದ್ದು ಮಾಡುತ್ತ ಉರಿಯಿತು. ಹಂಡೆಯ ನೀರು ಕಾದಿತು. ಕವಿರಾಯ ಶಾಲನ್ನು ಅವಳ ಕೈಯಲ್ಲೇ ಬಿಟ್ಟು ಹೋದ.

ಆಮೇಲೆ ಅವನು ಎಷ್ಟೋ ಸಲ ಬಂದ, ಬಿಸಿ ಕಾಫಿ ಕೊಟ್ಟರೆ ಕುಡಿದ, ಹಳೆಯ ಮಾತನ್ನು ಮರೆತಂತೆ ನಟಿಸಿದ. ಉಳಿಯಕ್ಕ ಅವನಿಗೆ ರಾಜನ ಅಚ್ಚು ಒತ್ತಿಕೊಟ್ಟಳು, ಹಡಗಿನದು ಕೊಟ್ಟಳು. ಹೆಂಗಸಿನ ಚಿತ್ರವನ್ನು ಮತ್ತೆ ಕೆತ್ತಿಕೊಡಲಿಲ್ಲ. ಕ್ಷಮಿಸಲೂ ಇಲ್ಲ. ರಕ್ತಸಂಬಂಧ ಎಂದು ಯಾರಾದರೂ ಬುದ್ಧಿ ಹೇಳಲು ಬಂದರೆ ಅಂಗೈ ಉಜ್ಜುತ್ತಿದ್ದಳು.

ಅಚ್ಚು ಸುಟ್ಟ ಮರುದಿನ ಬೆಳಗ್ಗೆ ತಂಗಿ ಕೈಚೀಲ ತೆಗೆದುಕೊಂಡಳು. ಸಂತೆ ಬೀದಿಗೆ ಹೋಗಿ ಬರುತ್ತೇನೆಂದಳು. ಗಡಿಯಾರದ ಅಂಗಡಿಯ ಮುಂದೆಯೇ ಹಾದು ಹೋಗಬೇಕು, ಬೇರೆ ದಾರಿಯಿಲ್ಲ. ಜೊತೆಗೆ ಬರಲೇ ಎಂದು ಉಳಿಯಕ್ಕ ಕೇಳಲಿಲ್ಲ. ಮಣೆಯ ಮುಂದೆ ಕೂತು ಉಳಿಗಳನ್ನು ಸಾಲಾಗಿ ಜೋಡಿಸುತ್ತಿದ್ದಳು.

ತಂಗಿ ಹೊಸಿಲು ದಾಟಿದಳು. ಕೂದಲು ಇನ್ನೂ ಹಸಿಯಾಗಿತ್ತು, ಕಟ್ಟಿರಲಿಲ್ಲ. ಮೆಟ್ಟಿಲಿಳಿಯುವ ಮೊದಲು ಹಿಂದಕ್ಕೆ ತಿರುಗಿ ನೋಡಿದಳು.

“ಉಪ್ಪು ಇದೆಯೇನೇ ಅಕ್ಕ?”

“ಇದೆ,” ಎಂದಳು ಉಳಿಯಕ್ಕ. “ಸೋಪು ತಗೊಂಡು ಬಾ.”